ಬಯಲುಸೀಮೆಯ ಮನೆಗೆ ತಂಪಿನ ಯಂತ್ರ ಒಪ್ಪುವುದೇ?

ಹೋಳಿ ಹುಣ್ಣಿಮೆ ಕಳೆಯಿತೆಂದರೆ ಚಿತ್ರದುರ್ಗದ ಸೀಮೆಯಲ್ಲಿ ಬಿಸಿಲಿನ ಆಳ್ವಿಕೆ ಆರಂಭವಾಗುತ್ತದೆ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಉಷ್ಣತೆಯು ಸಾಮಾನ್ಯವಾಗಿ 36-37 ಡಿಗ್ರಿ ಸೆಲ್ಸಿಯಸ್ ಮಟ್ಟಕ್ಕೆ ಏರುವುದು. ಕೆಲವು ದಿನ ಅದನ್ನೂ ಮೀರುವುದು. ಹಗಲಿನ ಬೇಗೆಯನ್ನು ಮರದ ನೆರಳಿನಲ್ಲಿಯೋ ಪಡಸಾಲೆಯಲ್ಲಿಯೋ ಹೇಗಾದರೂ ಕಳೆಯಬಹುದು. ಆದರೆ ರಾತ್ರಿ ಹತ್ತು ಗಂಟೆಯಾದರೂ ತಾರಸಿಯ ಕೆಳಗಿನ ಕೋಣೆಯ ಕಾವು ಆರದಿದ್ದರೆ ನಿದ್ರೆ ಹತ್ತಿರ ಸುಳಿಯದು. ಪರೀಕ್ಷೆಗೆ ಓದುವ ವಿದ್ಯಾರ್ಥಿ, ತೊಟ್ಟಿಲ ಕೂಸು, ಹಾಸಿಗೆ ಹಿಡಿದ ವೃದ್ಧರು, ಇವರ ಮಟ್ಟಿಗೆ ಇದು ಬರಿಯ ಅನಾನುಕೂಲದ ಮಾತಲ್ಲ, ಆರೋಗ್ಯದ ಮಾತು. ದಿನವೆಲ್ಲ ಬಿಸಿಲಿನಲ್ಲಿ ಬಳಲಿದ ದೇಹವು ಚೇತರಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. ಆ ತಂಪು ದೊರೆಯದಿದ್ದರೆ ದಣಿವಿನ ಮೇಲೆ ದಣಿವು ಸೇರುತ್ತ ಹೋಗುತ್ತದೆ.

ಆದುದರಿಂದ ಇಂದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತಿದೆ: ಗೋಡೆಗೆ ತೂಗುಹಾಕುವ ಏ.ಸಿ. ಯಂತ್ರವನ್ನು ಕೊಳ್ಳೋಣವೇ, ಬೇಡವೇ? ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವುದು ಕೋಣೆಯ ಉದ್ದಗಲವನ್ನು ಮಾತ್ರ. ಅದರಿಂದ ಉತ್ತರ ದೊರೆಯುವಂತಿಲ್ಲ. ಮನೆಯ ಸೂರು ಎಂತಹುದು, ಊರಿನ ಗಾಳಿ ಎಂತಹುದು, ನೀರೆಷ್ಟಿದೆ, ವಿದ್ಯುತ್ತಿನ ಲೆಕ್ಕವೇನು ಎಂಬ ನಾಲ್ಕನ್ನೂ ತೂಗಿ ನೋಡಬೇಕು. ಹೈಸ್ಕೂಲಿನ ಭೌತವಿಜ್ಞಾನವನ್ನು ಬಲ್ಲ ವಿದ್ಯಾರ್ಥಿಯು ಈ ತೂಕವನ್ನು ತಾನೇ ಮಾಡಬಲ್ಲನು. ಅದು ಹೇಗೆಂಬುದನ್ನು ಈಗ ವಿಚಾರಿಸೋಣ.

ನಾಳವಿಲ್ಲದ ಯಂತ್ರ

ಮೊದಲು ಹೆಸರಿನ ಅರ್ಥವನ್ನು ತಿಳಿಯಬೇಕು. ಅಮೆರಿಕದಂತಹ ದೇಶಗಳಲ್ಲಿ ಇಡೀ ಮನೆಗೆ ಒಂದೇ ದೊಡ್ಡ ಯಂತ್ರವಿರುವುದು ವಾಡಿಕೆ. ಅದು ತಂಪು ಮಾಡಿದ ಅಥವಾ ಬಿಸಿ ಮಾಡಿದ ಗಾಳಿಯು ಅಟ್ಟದ ಮೇಲೆಯೋ ನೆಲದ ಕೆಳಗೆಯೋ ಹಾಯ್ದುಹೋದ ತಗಡಿನ ನಾಳಗಳ ಮೂಲಕ ಕೋಣೆಕೋಣೆಗೂ ಹಂಚಿಕೆಯಾಗುತ್ತದೆ. ನಾಳದ ಸಂದಿಗಳಲ್ಲಿ ಗಾಳಿ ಸೋರುವುದರಿಂದಲೂ, ನಾಳವೇ ಕಾಯುವುದರಿಂದಲೂ ಶ್ರಮದ ನಾಲ್ಕನೆಯ ಒಂದು ಭಾಗದಷ್ಟು ನಷ್ಟವಾಗುವುದುಂಟು. ನಾಳವಿಲ್ಲದ ಪದ್ಧತಿಯಲ್ಲಿ ಈ ನಷ್ಟವಿಲ್ಲ. ಅಲ್ಲಿ ಯಂತ್ರವು ಎರಡು ಹೋಳಾಗಿರುತ್ತದೆ. ಒಂದು ಹೋಳು ಕೋಣೆಯೊಳಗೆ ಗೋಡೆಯ ಮೇಲೆ, ಇನ್ನೊಂದು ಮನೆಯ ಹೊರಗೆ. ಎರಡನ್ನೂ ಕೂಡಿಸುವುದು ಹೆಬ್ಬೆರಳಿನ ಗಾತ್ರದ ತಾಮ್ರದ ಕೊಳವೆಗಳು. ಸಾಗುವುದು ಗಾಳಿಯಲ್ಲ, ಕೊಳವೆಯೊಳಗಿನ ಶೈತ್ಯಕ ದ್ರವ. ಜಪಾನಿನ ತೋಷಿಬಾ ಸಂಸ್ಥೆಯು 1961ರಲ್ಲಿ ಇಂತಹ ಎರಡು ಹೋಳಿನ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ನಮ್ಮಲ್ಲಿ ಇದನ್ನು 'ಸ್ಪ್ಲಿಟ್ ಏ.ಸಿ.' ಎಂದು ಕರೆಯುವರು.

ನಮ್ಮ ನಾಲ್ಕು ಊರುಗಳ ಮನೆಗಳಲ್ಲಿ ನಾಳದ ಪದ್ಧತಿ ಎಂದೂ ಬೇರೂರಲಿಲ್ಲ. ಹೀಗಿರಲು 'ನಾಳ ಬೇಕೇ, ಬೇಡವೇ' ಎಂಬ ವಿದೇಶದ ಪ್ರಶ್ನೆ ನಮಗೆ ಸಲ್ಲದು. ನಮ್ಮ ಪ್ರಶ್ನೆಯು 'ಯಂತ್ರ ಬೇಕೇ? ಬೇಕಾದರೆ ಯಾವ ಕೋಣೆಗೆ, ಯಾವಾಗ?' ಎಂಬುದು.

ಉಷ್ಣವನ್ನು ಮೇಲೆತ್ತುವ ಏತ

ಏ.ಸಿ. ಯಂತ್ರವು ತಂಪನ್ನು ತಯಾರಿಸುತ್ತದೆ ಎಂದು ಹಲವರು ಭಾವಿಸಿರುವರು. ತಂಪು ಎಂಬುದು ಒಂದು ವಸ್ತುವಲ್ಲ. ಉಷ್ಣವು ಕಡಿಮೆಯಾದ ಸ್ಥಿತಿಯೇ ತಂಪು. ಯಂತ್ರವು ಮಾಡುವ ಕೆಲಸವೆಂದರೆ ಒಳಗಿನ ಉಷ್ಣವನ್ನು ಹೊತ್ತು ಹೊರಗೆ ಹಾಕುವುದು. ನೀರು ತಾನಾಗಿ ಮೇಲಿನಿಂದ ಕೆಳಕ್ಕೆ ಹರಿಯುವಂತೆ ಉಷ್ಣವೂ ತಾನಾಗಿ ಬಿಸಿಯಾದೆಡೆಯಿಂದ ತಂಪಾದೆಡೆಗೆ ಹರಿಯುತ್ತದೆ. ಬಾವಿಯ ನೀರನ್ನು ಮೇಲೆತ್ತಲು ಏತ ಬೇಕಾದಂತೆ, 26 ಡಿಗ್ರಿಯ ಕೋಣೆಯಿಂದ 37 ಡಿಗ್ರಿಯ ಬಯಲಿಗೆ ಉಷ್ಣವನ್ನು ಎತ್ತಿಹಾಕಲು ಶಕ್ತಿಯನ್ನು ವ್ಯಯಮಾಡಲೇಬೇಕು. ಬಾವಿ ಆಳವಾದಷ್ಟೂ ಏತದ ಶ್ರಮ ಹೆಚ್ಚು. ಒಳಗಿನ ಮತ್ತು ಹೊರಗಿನ ಉಷ್ಣತೆಗಳ ಅಂತರ ಹೆಚ್ಚಿದಷ್ಟೂ ಯಂತ್ರದ ಶ್ರಮ ಹೆಚ್ಚು. ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿ ತೋರಿಸಿಕೊಟ್ಟ ತತ್ತ್ವದ ಸಾರ ಇದೇ.

ಯಂತ್ರವು ಇದನ್ನು ಸಾಧಿಸುವ ಬಗೆ ಹೀಗೆ. ಅಂಗೈಗೆ ಸ್ಪಿರಿಟ್ಟನ್ನು ಸವರಿದರೆ ಅದು ಆರುವಾಗ ತಣ್ಣಗಾಗುವುದನ್ನು ನಾವು ಬಲ್ಲೆವು. ದ್ರವವು ಆವಿಯಾಗಲು ಉಷ್ಣ ಬೇಕು. ಅದನ್ನು ಅದು ಅಂಗೈಯಿಂದ ಸೆಳೆದುಕೊಳ್ಳುತ್ತದೆ. ಕೋಣೆಯೊಳಗಿನ ಹೋಳಿನಲ್ಲಿ ಶೈತ್ಯಕವು ಕಡಿಮೆ ಒತ್ತಡದಲ್ಲಿ ಆವಿಯಾಗಿ ಕೋಣೆಯ ಉಷ್ಣವನ್ನು ಹೀರುತ್ತದೆ. ಹೊರಗಿನ ಹೋಳಿನಲ್ಲಿರುವ ಸಂಪೀಡಕ, ಎಂದರೆ ಕಂಪ್ರೆಸರ್, ಆ ಆವಿಯನ್ನು ಒತ್ತಿ ಹೊರಗಿನ ಗಾಳಿಗಿಂತಲೂ ಬಿಸಿಯಾಗಿಸುತ್ತದೆ. ಆಗ ಆವಿಯು ತನ್ನ ಉಷ್ಣವನ್ನು ಬಯಲಿಗೆ ಬಿಟ್ಟು ಮರಳಿ ದ್ರವವಾಗುತ್ತದೆ. ಕಿರಿದಾದ ದ್ವಾರದ ಮೂಲಕ ಹಾಯ್ದು ಒತ್ತಡ ಕಳೆದುಕೊಂಡು ಅದು ತಣ್ಣಗಾಗಿ ಪುನಃ ಕೋಣೆಗೆ ಬರುತ್ತದೆ. ಈ ಚಕ್ರ ನಿರಂತರ. ಒಂದು ಯೂನಿಟ್ ವಿದ್ಯುತ್ತನ್ನು ವ್ಯಯಮಾಡಿ ನಾಲ್ಕು ಯೂನಿಟ್ಟಿನಷ್ಟು ಉಷ್ಣವನ್ನು ಹೊರಕ್ಕೆ ಸಾಗಿಸಿದರೆ ಬಯಲಿಗೆ ಬೀಳುವ ಉಷ್ಣ ಒಟ್ಟು ಐದು ಯೂನಿಟ್. ಶಕ್ತಿಯ ನಿತ್ಯತ್ವಕ್ಕೆ ಇಲ್ಲಿ ಭಂಗವಿಲ್ಲ. ಯಂತ್ರವು ಉಷ್ಣವನ್ನು ಸೃಷ್ಟಿಸದೆ ಸಾಗಿಸಿತಷ್ಟೆ.

ಯಂತ್ರದ ಬಲವನ್ನು 'ಟನ್' ಎಂಬ ಮಾನದಿಂದ ಹೇಳುವರು. ಅದು ಯಂತ್ರದ ತೂಕವಲ್ಲ. ಮಂಜುಗಡ್ಡೆಯಿಂದ ತಂಪು ಮಾಡುತ್ತಿದ್ದ ಕಾಲದ ಅಳತೆ ಅದು. 2000 ಪೌಂಡ್ ಮಂಜುಗಡ್ಡೆಯು 24 ಗಂಟೆಗಳಲ್ಲಿ ಕರಗುವಾಗ ಹೀರುವಷ್ಟು ಉಷ್ಣವನ್ನು ಅಷ್ಟೇ ಕಾಲದಲ್ಲಿ ತೆಗೆಯಬಲ್ಲ ಯಂತ್ರ 1 ಟನ್ನಿನದು. ಇದು ಸುಮಾರು 3500 ವಾಟ್‌ಗೆ ಸಮ. ನಮ್ಮ ದೇಶದಲ್ಲಿ ಇಂಧನ ದಕ್ಷತಾ ಬ್ಯೂರೋ ಯಂತ್ರಗಳ ಮೇಲೆ ನಕ್ಷತ್ರದ ಚೀಟಿಯನ್ನು ಅಂಟಿಸುವ ಪದ್ಧತಿಯನ್ನು 2006ರಲ್ಲಿ ಆರಂಭಿಸಿತು. ಚೀಟಿಯಲ್ಲಿ 'ಐ.ಎಸ್.ಇ.ಇ.ಆರ್.' ಎಂಬ ಸಂಖ್ಯೆಯಿರುತ್ತದೆ. ಹೊರಗಿನ ಉಷ್ಣತೆ 24ರಿಂದ 43 ಡಿಗ್ರಿಯವರೆಗೆ ಬದಲಾಗುತ್ತಿರುವಾಗ ವರ್ಷಕ್ಕೆ 1600 ಗಂಟೆ ನಡೆದರೆ, ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ ಎಷ್ಟು ಯೂನಿಟ್ ಉಷ್ಣ ಹೊರಹೋಗುವುದು ಎಂಬುದನ್ನು ಅದು ತಿಳಿಸುತ್ತದೆ. ನಕ್ಷತ್ರಗಳ ಅಳತೆಗೋಲನ್ನು ಕಾಲಕಾಲಕ್ಕೆ ಬಿಗಿಗೊಳಿಸುವುದರಿಂದ ಹಳೆಯ ಐದು ನಕ್ಷತ್ರವೂ ಹೊಸ ಐದು ನಕ್ಷತ್ರವೂ ಒಂದೇ ಅಲ್ಲ. ಕೊಳ್ಳುವವರು ನಕ್ಷತ್ರವನ್ನು ಎಣಿಸುವುದಕ್ಕಿಂತ ಸಂಖ್ಯೆಯನ್ನು ಓದುವುದು ಮೇಲು.

ಸೂರಿನ ಲೆಕ್ಕ

ಈಗ ಒಂದು ಮಾದರಿ ಕೋಣೆಯನ್ನು ತೆಗೆದುಕೊಳ್ಳೋಣ. ಹಿರಿಯೂರಿನ ಒಂದು ಕಾಂಕ್ರೀಟ್ ಮನೆಯ ಮೇಲಂತಸ್ತಿನ ಕೋಣೆ. 12 ಅಡಿ ಉದ್ದ, 12 ಅಡಿ ಅಗಲ. ಅದರ ಸೂರಿನ ವಿಸ್ತಾರ ಸುಮಾರು 13 ಚದರ ಮೀಟರು. ಏಪ್ರಿಲ್ ತಿಂಗಳ ಇಳಿಹಗಲಿನಲ್ಲಿ ಒಳಗೆ 26 ಡಿಗ್ರಿ ಇರಬೇಕೆಂಬುದು ನಮ್ಮ ಅಪೇಕ್ಷೆ. ಬಣ್ಣ ಮಾಸಿ ಕಪ್ಪಾದ ತಾರಸಿಯ ಮೇಲ್ಮೈ ಬಿಸಿಲಿಗೆ 60 ಡಿಗ್ರಿ ಕಾದಿದೆ ಎಂದಿಟ್ಟುಕೊಳ್ಳೋಣ. ಉಷ್ಣತೆಯ ಅಂತರ 34 ಡಿಗ್ರಿ. ಸಾದಾ ಕಾಂಕ್ರೀಟ್ ಹಲಗೆಯ ಒಂದು ಚದರ ಮೀಟರಿನ ಮೂಲಕ, ಒಂದು ಡಿಗ್ರಿ ಅಂತರಕ್ಕೆ, ಸುಮಾರು 3.5 ವಾಟ್ ಉಷ್ಣ ಇಳಿಯುವುದು. ಈ ಮೂರು ಸಂಖ್ಯೆಗಳನ್ನು ಗುಣಿಸಿದರೆ ಸೂರಿನಿಂದಲೇ ಸುಮಾರು 1550 ವಾಟ್ ಒಳಬರುತ್ತದೆ ಎಂದಾಯಿತು.

ಇದೇ ಕ್ರಮದಲ್ಲಿ ಬಿಸಿಲಿಗೆ ಒಡ್ಡಿದ ಎರಡು ಇಟ್ಟಿಗೆ ಗೋಡೆಗಳಿಂದ ಸುಮಾರು 600 ವಾಟ್, ಪಡುವಣ ಕಿಟಕಿಯಿಂದ 400, ಒಳಗಿರುವ ಇಬ್ಬರ ಮೈಕಾವಿನಿಂದ 200, ಬಾಗಿಲ ಸಂದಿಯಲ್ಲಿ ನುಸುಳುವ ಗಾಳಿಯಿಂದ 130, ದೀಪ ಮತ್ತು ಇತರ ಸಲಕರಣೆಗಳಿಂದ 150. ಒಟ್ಟು 3030 ವಾಟ್. ಇದು ಸ್ಥೂಲ ಲೆಕ್ಕ. ಆದರೂ ಒಂದು ಸತ್ಯವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಒಳಬರುವ ಉಷ್ಣದಲ್ಲಿ ಅರ್ಧಕ್ಕೂ ಮಿಗಿಲು ಸೂರಿನದೇ. ಕಾಂಕ್ರೀಟು ಕಾವನ್ನು ಕೂಡಿಟ್ಟುಕೊಂಡು ಸುಮಾರು ನಾಲ್ಕು ಗಂಟೆ ತಡವಾಗಿ ಕೆಳಗೆ ಬಿಡುತ್ತದೆ. ಮಧ್ಯಾಹ್ನ ಬಿದ್ದ ಬಿಸಿಲು ಸಂಜೆಯ ಮೇಲೆ ಕೋಣೆಗೆ ಇಳಿಯುವುದರ ಗುಟ್ಟು ಇದು.

ಆ ತಾರಸಿಗೆ ಸುಣ್ಣದ ಬಿಳಿ ಲೇಪವನ್ನು ಕೊಟ್ಟರೆ ಏನಾದೀತು? ಶುಭ್ರವಾದ ಬಿಳುಪು ಬಿಸಿಲಿನ ಬಹುಭಾಗವನ್ನು ಹಿಂದಕ್ಕೆ ಎರಚುತ್ತದೆ. ಮೇಲ್ಮೈ 60ಕ್ಕೆ ಬದಲು 42 ಡಿಗ್ರಿಗೆ ನಿಂತಿತೆನ್ನೋಣ. ಅಂತರ 34ರಿಂದ 16ಕ್ಕೆ ಇಳಿಯಿತು. ಸೂರಿನ ಪಾಲು 1550ರಿಂದ ಸುಮಾರು 730 ವಾಟ್‌ಗೆ ಕುಗ್ಗಿತು. ಒಟ್ಟು ಮೊತ್ತ 2210 ವಾಟ್‌ಗೆ ಬಂದಿತು. ಕೆಲವು ಬಕೆಟ್ಟು ಸುಣ್ಣವೂ ಒಂದು ದಿನದ ಕೂಲಿಯೂ ಯಂತ್ರದ ಹೊರೆಯ ಕಾಲುಭಾಗವನ್ನು ಇಳಿಸಿದುವು! ಧೂಳು ಕುಳಿತು, ಮಳೆ ತೊಳೆದು ಬಿಳುಪು ಮಾಸುವುದರಿಂದ ಪ್ರತಿವರ್ಷವೂ ಯುಗಾದಿಗೆ ಮುನ್ನ ಇದನ್ನು ಮಾಡಬೇಕು. ಪಡುವಣ ಕಿಟಕಿಗೆ ಹೊರಗಿನಿಂದ ತಟ್ಟಿಯನ್ನೋ ಚಾಪೆಯನ್ನೋ ಕಟ್ಟಿದರೆ ಮತ್ತಷ್ಟು ಉಳಿತಾಯ. ಒಳಗಿನ ಪರದೆಗಿಂತ ಹೊರಗಿನ ನೆರಳು ಶ್ರೇಷ್ಠ. ಏಕೆಂದರೆ ಗಾಜನ್ನು ದಾಟಿದ ಬಿಸಿಲು ಆಗಲೇ ಕೋಣೆಯ ಪಾಲಾಗಿರುತ್ತದೆ. ಆದುದರಿಂದ ಯಂತ್ರವನ್ನು ಕೊಳ್ಳುವವರೂ ಮೊದಲು ಸೂರನ್ನು ನೋಡಿಕೊಳ್ಳಬೇಕು. ತೂತು ಬಿದ್ದ ಕೊಡಕ್ಕೆ ನೀರು ಸೇದಿದರೆ ಫಲವೇನು?

ಮಾಳಿಗೆ ಮನೆಯ ಮಾತು

ನಮ್ಮ ಹಳ್ಳಿಗಳಲ್ಲಿಯೂ ಹಳೆಯ ಪೇಟೆಗಳಲ್ಲಿಯೂ ಮಾಳಿಗೆ ಮನೆಗಳು ಇನ್ನೂ ಉಳಿದಿವೆ. ಒಂದೂವರೆ ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ತೊಲೆ ಜಂತೆಗಳ ಮೇಲೆ ಹಲಗೆಯನ್ನೋ ಚಪ್ಪಡಿಯನ್ನೋ ಹಾಸಿ ಅದರ ಮೇಲೆ ಗಟ್ಟಿಯಾಗಿ ಬಡಿದ ಮಣ್ಣು, ನಡುವೆ ಬೆಳಕಿಂಡಿ. ಇಂತಹ ಗೋಡೆಯ ಮೂಲಕ ಹಗಲಿನ ಕಾವು ಒಳಮೈಯನ್ನು ಮುಟ್ಟಲು ಹನ್ನೆರಡು ಗಂಟೆಗೂ ಮಿಗಿಲಾದ ಕಾಲ ಬೇಕಾಗುತ್ತದೆ; ಮುಟ್ಟುವ ಹೊತ್ತಿಗೆ ಅದರ ಏರಿಳಿತ ಬಹುಮಟ್ಟಿಗೆ ಅಡಗಿರುತ್ತದೆ. ಬಯಲುಸೀಮೆಯಲ್ಲಿ ಬೇಸಗೆಯ ಹಗಲಿಗೂ ನಸುಕಿಗೂ ಹದಿಮೂರು ಹದಿನಾಲ್ಕು ಡಿಗ್ರಿ ಅಂತರವಿರುವುದರಿಂದ, ಒಳಗಿನ ಉಷ್ಣತೆ ಎರಡರ ನಡುವೆ ಎಲ್ಲಿಯೋ ಸಮವಾಗಿ ನಿಲ್ಲುತ್ತದೆ. ರಾತ್ರಿ ಬಾಗಿಲು ಬೆಳಕಿಂಡಿಗಳನ್ನು ತೆರೆದು, ಹಗಲು ಮುಚ್ಚಿಡುವ ಹಿರಿಯರ ಪದ್ಧತಿಗೆ ಭೌತವಿಜ್ಞಾನದ ಪೂರ್ಣ ಒಪ್ಪಿಗೆಯಿದೆ.

ಇಂತಹ ಮನೆಗೆ ಸ್ಪ್ಲಿಟ್ ಯಂತ್ರ ಸರಿಯಾಗಿ ಹೊಂದದು. ಜಂತೆಗಳ ಸಂದಿಯಲ್ಲಿಯೂ ಬೆಳಕಿಂಡಿಯಲ್ಲಿಯೂ ತಂಪು ಗಾಳಿ ಸೋರಿಹೋಗುವುದು. ಹೊರಗಿನ ಭಾರವಾದ ಹೋಳನ್ನು ಮಣ್ಣಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕುವುದು ಅಪಾಯಕರ. ಮಣ್ಣಿನ ದಪ್ಪಗೋಡೆ ತಾನೇ ಕೂಡಿಟ್ಟ ಉಷ್ಣವನ್ನು ತೆಗೆಯಲು ಯಂತ್ರವು ಬಹಳ ಹೊತ್ತು ದುಡಿಯಬೇಕಾಗುವುದು. ಮಾಳಿಗೆ ಮನೆಯವರು ಆ ಹಣದಿಂದ ಸೂರಿನ ಮಣ್ಣನ್ನು ಹೊಸದಾಗಿ ಹಾಕಿಸಿ, ಒಳ್ಳೆಯ ಫ್ಯಾನುಗಳನ್ನು ತೂಗುಹಾಕಿದರೆ ಹೆಚ್ಚಿನ ಸುಖ ಪಡೆಯಬಹುದು. ದುರದೃಷ್ಟವಶಾತ್, ಅದೇ ಮನೆಯ ಪಕ್ಕಕ್ಕೆ ಸಿಮೆಂಟಿನ ಅಥವಾ ತಗಡಿನ ಶೀಟು ಹಾಕಿ ಕಟ್ಟಿದ ಕೋಣೆಯೇ ಊರಿನಲ್ಲೆಲ್ಲ ಹೆಚ್ಚು ಕಾಯುವುದು. ತೆಳುವಾದ ಶೀಟಿಗೆ ಕಾವನ್ನು ತಡೆಯುವ ಶಕ್ತಿಯೇ ಇಲ್ಲ. ಶೀಟಿನ ಕೆಳಗೆ ಒಳಸೂರನ್ನು ಕಟ್ಟದೆ ಅಲ್ಲಿ ಏ.ಸಿ. ಹಾಕುವುದು ಹಣವನ್ನು ಬಯಲಿಗೆ ಚೆಲ್ಲಿದಂತೆ.

ಒದ್ದೆ ಬಟ್ಟೆಯ ಪರೀಕ್ಷೆ

ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದನ್ನು ಎಲ್ಲರೂ ಬಲ್ಲರು. ಹೂಜಿಯ ಮೈಯಲ್ಲಿ ಜಿನುಗಿದ ನೀರು ಆವಿಯಾಗುತ್ತ ಒಳಗಿನ ನೀರಿನ ಉಷ್ಣವನ್ನು ಕೊಂಡೊಯ್ಯುತ್ತದೆ. ಏರ್ ಕೂಲರ್ ಮಾಡುವುದೂ ಇಷ್ಟೇ: ಒದ್ದೆಯಾದ ಹುಲ್ಲು ಅಥವಾ ಕಾಗದದ ಹಲಗೆಯ ಮೂಲಕ ಗಾಳಿಯನ್ನು ಎಳೆದು ಕೋಣೆಗೆ ಊದುತ್ತದೆ. ಇದಕ್ಕೆ ಬೇಕಾದ ವಿದ್ಯುತ್ತು 150ರಿಂದ 200 ವಾಟ್, ಏ.ಸಿ.ಯ ಪೂರ್ಣ ಹೊರೆಯ ಐದನೆಯ ಒಂದು ಭಾಗಕ್ಕಿಂತ ಹೆಚ್ಚಲ್ಲ. ಆದರೆ ಗಾಳಿ ಒಣಗಿದ್ದರೆ ಮಾತ್ರ ಇದು ಫಲಕಾರಿ. ಎಷ್ಟು ಫಲಕಾರಿ ಎಂಬುದನ್ನು ಒದ್ದೆ ಬಟ್ಟೆ ಸುತ್ತಿದ ಉಷ್ಣತಾಮಾಪಕ ಹೇಳುತ್ತದೆ. ಒಣ ಮಾಪಕಕ್ಕೂ ಒದ್ದೆ ಮಾಪಕಕ್ಕೂ ಇರುವ ಅಂತರದಲ್ಲಿ ಸುಮಾರು ಶೇಕಡಾ 70ರಷ್ಟನ್ನು ಒಂದು ಸಾಧಾರಣ ಕೂಲರ್ ಇಳಿಸಬಲ್ಲುದು.

ಏಪ್ರಿಲ್ ಮಧ್ಯಾಹ್ನ ಗಾಳಿಯ ಉಷ್ಣತೆ 37 ಡಿಗ್ರಿ, ಆರ್ದ್ರತೆ ಶೇಕಡಾ 25 ಎನ್ನೋಣ. ಆಗ ಒದ್ದೆ ಮಾಪಕವು ಸುಮಾರು 22 ಡಿಗ್ರಿ ತೋರಿಸುವುದು. ಅಂತರ 15; ಅದರ ಶೇಕಡಾ 70 ಎಂದರೆ ಹತ್ತೂವರೆ. ಕೂಲರಿನಿಂದ ಹೊರಬರುವ ಗಾಳಿ 26.5 ಡಿಗ್ರಿ! ಜುಲೈ ತಿಂಗಳಲ್ಲಿ ಗಾಳಿ 28 ಡಿಗ್ರಿ, ಆರ್ದ್ರತೆ ಶೇಕಡಾ 75 ಇದ್ದರೆ ಒದ್ದೆ ಮಾಪಕ 24.5ಕ್ಕೆ ನಿಲ್ಲುವುದು. ಕೂಲರ್ ಎರಡೂವರೆ ಡಿಗ್ರಿಯನ್ನು ಮಾತ್ರ ಇಳಿಸಿ, ಕೋಣೆಯನ್ನು ಜಿಗುಟು ಮಾಡುವುದು. ಮಂಗಳೂರಿನಲ್ಲಿ ಕೂಲರ್ ಸೋಲುವುದಕ್ಕೂ ಹಿರಿಯೂರಿನಲ್ಲಿ ಗೆಲ್ಲುವುದಕ್ಕೂ ಕಾರಣ ಇದೇ.

ನಾಲ್ಕು ಊರುಗಳು ನೆರೆಹೊರೆಯಾದರೂ ಗುಣದಲ್ಲಿ ಒಂದೇ ಅಲ್ಲ. ಚಿತ್ರದುರ್ಗವು ಸಮುದ್ರಮಟ್ಟದಿಂದ ಸುಮಾರು 730 ಮೀಟರು ಎತ್ತರದಲ್ಲಿ, ಬಂಡೆಗಲ್ಲಿನ ಬೆಟ್ಟಗಳ ಮಗ್ಗುಲಲ್ಲಿದೆ. ಹಗಲು ಕಾದ ಬಂಡೆ ಸಂಜೆಗೆ ಕಾವನ್ನು ಬಿಡುವುದಾದರೂ, ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ತಿರುಗಿಸುವ ಬಲವಾದ ಗಾಳಿ ಊರಿಗೆ ಒಂದು ವರ. ಅದು ಹೊಕ್ಕು ಹೊರಡುವಂತೆ ಎದುರುಬದುರು ಕಿಟಕಿಗಳಿದ್ದರೆ ಮುಂಗಾರಿನ ತಿಂಗಳುಗಳಲ್ಲಿ ಯಂತ್ರದ ನೆನಪೇ ಬಾರದು. ವೇದಾವತಿಯ ಕಣಿವೆಯ ಹಿರಿಯೂರು ಚಿತ್ರದುರ್ಗಕ್ಕಿಂತ ತಗ್ಗು, ಮಳೆಯಲ್ಲಿ ಬಡವು, ಗಾಳಿಯಲ್ಲಿ ಒಣಗು. ಹೊಳಲ್ಕೆರೆ, ಹೊಸದುರ್ಗಗಳು ಪಡುವಣದ ಕಡೆಗಿವೆ. ಅಲ್ಲಿಯ ಅಡಕೆ ತೆಂಗಿನ ತೋಟಗಳ ಮಗ್ಗುಲ ಮನೆಗಳಿಗೆ ನೆರಳೂ ಉಂಟು, ಎಲೆಗಳಿಂದ ಹೊರಡುವ ನೀರಾವಿಯ ತಂಪೂ ಉಂಟು. ಆದರೆ ಅದೇ ತೇವದಿಂದಾಗಿ ಕೂಲರಿನ ಫಲ ಸ್ವಲ್ಪ ಕಡಿಮೆ.

ಕೂಲರಿಗೆ ಇನ್ನೊಂದು ಬೆಲೆಯಿದೆ, ಅದು ನೀರು. ಗಂಟೆಗೆ 1500 ಘನ ಮೀಟರು ಗಾಳಿಯನ್ನು ಹತ್ತು ಡಿಗ್ರಿ ತಂಪು ಮಾಡಲು ಸುಮಾರು 7 ಲೀಟರು ನೀರು ಆವಿಯಾಗಬೇಕು. ಎಂಟು ಗಂಟೆಗೆ 56 ಲೀಟರು. ಎಂದರೆ ಸುಮಾರು ನಾಲ್ಕು ಕೊಡ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಪುನಃ ಕೋಡಿ ಬಿದ್ದುದು 2022ರಲ್ಲಿ. ಇಂತಹ ಸೀಮೆಯಲ್ಲಿ ದಿನಕ್ಕೆ ನಾಲ್ಕು ಕೊಡ ನೀರು ಅಲ್ಪವಲ್ಲ. ನಲ್ಲಿಯ ನೀರು ಸಾಕಷ್ಟು ಬರುವ ಮನೆಗೆ ಕೂಲರ್ ಒಪ್ಪುವುದು. ಟ್ಯಾಂಕರಿನ ನೀರನ್ನು ಕೊಂಡು ಬಾಳುವ ಮನೆಗೆ ಒಪ್ಪದು. ಕೊಳವೆಬಾವಿಯ ಗಡಸು ನೀರಾದರೆ ಲವಣವು ಕೂಲರಿನ ಹಲಗೆಯ ಮೇಲೆ ಬಿಳಿಯ ಪೊರೆಯಾಗಿ ಕಟ್ಟಿಕೊಳ್ಳುವುದರಿಂದ ಆಗಾಗ ತೊಳೆಯಬೇಕು. ಸೊಳ್ಳೆ ಮೊಟ್ಟೆಯಿಡದಂತೆ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ ಒಣಗಿಸಬೇಕು. ಕೂಲರ್ ನಡೆಯುವಾಗ ಕಿಟಕಿ ತೆರೆದಿರಬೇಕು, ಏ.ಸಿ. ನಡೆಯುವಾಗ ಮುಚ್ಚಿರಬೇಕು, ಎರಡನ್ನೂ ಒಟ್ಟಿಗೆ ನಡೆಸಿದರೆ ಒಂದರ ಕೆಲಸವನ್ನು ಇನ್ನೊಂದು ಕೆಡಿಸುವುದು.

ವಿದ್ಯುತ್ತಿನ ಗಣಿತ

ರಾತ್ರಿಯ ಹೊತ್ತು 1 ಟನ್ನಿನ ಇನ್ವರ್ಟರ್ ಯಂತ್ರವು ಸರಾಸರಿ 500 ವಾಟ್ ಎಳೆಯುತ್ತದೆ ಎಂದು ಭಾವಿಸೋಣ. ಎಂಟು ಗಂಟೆಗೆ 4 ಯೂನಿಟ್. ತಿಂಗಳಿಗೆ 120 ಯೂನಿಟ್. ಯೂನಿಟ್ಟಿಗೆ ಕೈಲೆಕ್ಕಕ್ಕೆ 6 ರೂಪಾಯಿ ಹಿಡಿದರೆ 720 ರೂಪಾಯಿ. ಅಷ್ಟೇ ಅಲ್ಲವೆ ಎಂದು ತೋರಬಹುದು. ಆದರೆ ನಮ್ಮ ರಾಜ್ಯದಲ್ಲಿ 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದಾಗಿ ಲೆಕ್ಕಕ್ಕೆ ಬೇರೊಂದು ತಿರುವಿದೆ. ಮನೆಯ 2022-23ನೆಯ ಸಾಲಿನ ಸರಾಸರಿ ಬಳಕೆಗೆ ಶೇಕಡಾ 10ನ್ನು ಕೂಡಿಸಿದಷ್ಟು ಯೂನಿಟ್ ಉಚಿತ. ಅದನ್ನು ಮೀರಿ 200ರೊಳಗೆ ಇದ್ದರೆ ಮೀರಿದ ಭಾಗಕ್ಕೆ ಮಾತ್ರ ಹಣ. 200ನ್ನು ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕು.

ಸರಾಸರಿ 90 ಯೂನಿಟ್ ಬಳಸುತ್ತಿದ್ದ ಮನೆಗೆ 99 ಯೂನಿಟ್ ಉಚಿತ. ಆ ಮನೆಗೆ ಏ.ಸಿ.ಯಿಂದ 120 ಸೇರಿದರೆ 210 ಆಯಿತು. ಈಗ 210 ಯೂನಿಟ್ಟಿಗೂ ಹಣ, 1260 ರೂಪಾಯಿ. ಹಿಂದೆ ಶೂನ್ಯವಿದ್ದ ಬಿಲ್ಲು ಇಷ್ಟಾಯಿತಾದ್ದರಿಂದ ತಂಪಿನ ನಿಜವಾದ ಬೆಲೆ ಯೂನಿಟ್ಟಿಗೆ ಹತ್ತೂವರೆ ರೂಪಾಯಿ ಆಯಿತು. ಅದೇ ಮನೆಯವರು ಯಂತ್ರದ ಬಳಕೆಯನ್ನು 100 ಯೂನಿಟ್ಟಿಗೆ ಹಿಡಿದು ನಿಲ್ಲಿಸಿದ್ದರೆ ಒಟ್ಟು 190. ಉಚಿತವಾದ 99ನ್ನು ಕಳೆದು 91 ಯೂನಿಟ್ಟಿಗೆ 546 ರೂಪಾಯಿ. ಇಪ್ಪತ್ತು ಯೂನಿಟ್ಟಿನ ಸಂಯಮ ಏಳುನೂರು ರೂಪಾಯಿಗೂ ಮಿಗಿಲು ಉಳಿಸಿತು. ಇತರ ಶುಲ್ಕಗಳನ್ನು ಇಲ್ಲಿ ಹಿಡಿದಿಲ್ಲ. ವಾಚಕರು ತಮ್ಮ ಮನೆಯ ಬಿಲ್ಲನ್ನು ಮುಂದಿಟ್ಟುಕೊಂಡು ಈ ಲೆಕ್ಕವನ್ನು ಮೊದಲೇ ಮಾಡಬೇಕು.

ಸಂಯಮಕ್ಕೆ ಮಾರ್ಗ ಸುಲಭ. ಯಂತ್ರದ ಅಂಕಿಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ತು ಉಳಿಯುವುದೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 20 ಡಿಗ್ರಿಗೆ ಇಟ್ಟು ಕಂಬಳಿ ಹೊದೆಯುವುದಕ್ಕಿಂತ, 26 ಅಥವಾ 27ಕ್ಕೆ ಇಟ್ಟು ಫ್ಯಾನನ್ನು ನಿಧಾನವಾಗಿ ತಿರುಗಿಸುವುದು ಜಾಣತನ. ಬೀಸುವ ಗಾಳಿ ಬೆವರನ್ನು ಆರಿಸಿ ಮೈಗೆ ಎರಡು ಮೂರು ಡಿಗ್ರಿ ತಂಪಿನ ಅನುಭವ ಕೊಡುತ್ತದೆ. ಹಳೆಯ ಫ್ಯಾನು 75 ವಾಟ್ ಬಳಸಿದರೆ ಹೊಸ ಬಗೆಯ ಬಿ.ಎಲ್.ಡಿ.ಸಿ. ಫ್ಯಾನು 30 ವಾಟ್ ಆಸುಪಾಸಿನಲ್ಲಿ ಅದೇ ಕೆಲಸ ಮಾಡುತ್ತದೆ. ಫ್ಯಾನಿಗೂ ಮಿತಿಯುಂಟು. ಗಾಳಿಯು ಚರ್ಮಕ್ಕಿಂತ ಬಿಸಿಯಾದಾಗ, ಬೆವರು ಕಡಿಮೆಯಾದ ವೃದ್ಧರಿಗೆ ಅದರಿಂದ ಹೆಚ್ಚಿನ ನೆರವಾಗದು. ಅಂತಹವರಿರುವ ಮನೆಯಲ್ಲಿ ಒಂದು ಕೋಣೆಗೆ ಯಂತ್ರವಿರುವುದು ಆಡಂಬರವಲ್ಲ, ರಕ್ಷಣೆ.

ಚಳಿಗೆ ಬೇಕೇ?

ಇದೇ ಯಂತ್ರದ ಚಕ್ರವನ್ನು ಹಿಂದುಮುಂದಾಗಿ ತಿರುಗಿಸಿದರೆ ಹೊರಗಿನ ಉಷ್ಣವು ಒಳಕ್ಕೆ ಬರುವುದು. 'ಹಾಟ್ ಅಂಡ್ ಕೋಲ್ಡ್' ಎಂದು ಮಾರುವ ಯಂತ್ರಗಳು ಇಂತಹವು. ಕೊರೆಯುವ ಗಾಳಿಯಲ್ಲಿಯೂ ಉಷ್ಣವಿದೆಯೇ ಎಂದು ಆಶ್ಚರ್ಯಪಡಬೇಕಾಗಿಲ್ಲ. ನಿರಪೇಕ್ಷ ಶೂನ್ಯಕ್ಕಿಂತ ಮೇಲಿರುವ ಪ್ರತಿಯೊಂದು ವಸ್ತುವಿನಲ್ಲಿಯೂ ಉಷ್ಣವಿದೆ. ತಂತಿಯನ್ನು ಕಾಯಿಸುವ ಹೀಟರು ಒಂದು ಯೂನಿಟ್ಟಿಗೆ ಒಂದೇ ಯೂನಿಟ್ ಉಷ್ಣ ಕೊಟ್ಟರೆ, ಈ ಯಂತ್ರ ಮೂರರಷ್ಟನ್ನು ತಂದುಕೊಡಬಲ್ಲುದು. ಟೊರಾಂಟೋದಂತಹ ಹಿಮದ ಊರಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ಬಹು ದೊಡ್ಡ ಉಪಕಾರ. ಮಡಿಕೇರಿಯ ಮನೆಯೊಂದು ಇದನ್ನು ಬಯಸಿದರೂ ತಪ್ಪಿಲ್ಲ. ನಮ್ಮ ನಾಲ್ಕು ಊರುಗಳಲ್ಲಾದರೋ ಪುಷ್ಯ ಮಾಸದ ನಸುಕಿನ ಉಷ್ಣತೆಯು ಸಾಮಾನ್ಯವಾಗಿ 16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕಿಟಕಿ ಮುಚ್ಚಿ ಕಂಬಳಿ ಹೊದೆದರೆ ಅದು ಕಳೆಯುವುದು. ಇದಕ್ಕಾಗಿ ಹೆಚ್ಚಿನ ಬೆಲೆ ತೆರುವುದು ಅನಾವಶ್ಯಕ.

ಕೂರಿಸುವಾಗ ಗಮನಿಸಬೇಕಾದುದು

ಯಂತ್ರವೇ ಬೇಕೆಂದು ನಿರ್ಧರಿಸಿದವರು ಕೆಲವು ಅಂಶಗಳನ್ನು ಮರೆಯಬಾರದು. ಹೊರಗಿನ ಹೋಳನ್ನು ಪಡುವಣ ಗೋಡೆಯ ಸುಡುಬಿಸಿಲಿಗಾಗಲಿ, ಗಾಳಿಯಾಡದ ಮೂಲೆಗಾಗಲಿ ಒಡ್ಡಬಾರದು. ಅದು ಉಸಿರಾಡಿದಷ್ಟೂ ಬಿಲ್ಲು ಕಡಿಮೆ. ಕೊಳವೆ ಗಿಡ್ಡವಾಗಿರಬೇಕು. ಮನೆಯ ತಂತಿಗಳ ಶಕ್ತಿಯನ್ನೂ ಮಂಜೂರಾದ ಭಾರವನ್ನೂ ಪರಿಣತನಿಂದ ನೋಡಿಸಿ, ಯಂತ್ರಕ್ಕೆ ಪ್ರತ್ಯೇಕ ತಂತಿಯನ್ನೂ ಸರಿಯಾದ ಭೂಸಂಪರ್ಕವನ್ನೂ ಕೊಡಿಸಬೇಕು. ನಮ್ಮ ಬೀದಿಗಳ ಧೂಳಿಗೆ ಒಳಗಿನ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು. ಸ್ಪ್ಲಿಟ್ ಯಂತ್ರವು ಹೊರಗಿನ ಹೊಸ ಗಾಳಿಯನ್ನು ತಾರದೆ ಇದ್ದ ಗಾಳಿಯನ್ನೇ ಸುತ್ತಿಸುತ್ತದೆ. ಆದುದರಿಂದ ಆಗಾಗ ಬಾಗಿಲು ತೆರೆಯುವುದು ಒಳ್ಳೆಯದು.

ಶೈತ್ಯಕದ ಬಗೆಗೆ ಒಂದು ಮಾತು. ಹಿಂದಿನ ಯಂತ್ರಗಳ ಆರ್-22 ಅನಿಲವು ಓಜೋನ್ ಪದರಕ್ಕೆ ಹಾನಿಕರವೆಂದು ತಿಳಿದುಬಂದು, 1987ರ ಮಾಂಟ್ರಿಯಲ್ ಒಪ್ಪಂದದ ಮಾರ್ಗದಲ್ಲಿ ಅದನ್ನು ಕ್ರಮೇಣ ಕೈಬಿಡಲಾಯಿತು. ಇಂದು ಬಳಕೆಯಲ್ಲಿರುವ ಆರ್-32 ಓಜೋನನ್ನು ಕೆಡಿಸದು. ಆದರೆ ಭೂಮಿಯ ಕಾವನ್ನು ಹೆಚ್ಚಿಸುವುದರಲ್ಲಿ ಅದರ ಒಂದು ಕಿಲೋಗ್ರಾಂ, ನೂರು ವರ್ಷದ ಲೆಕ್ಕದಲ್ಲಿ, ಇಂಗಾಲದ ಡೈಆಕ್ಸೈಡಿನ ಸುಮಾರು 675 ಕಿಲೋಗ್ರಾಮಿಗೆ ಸಮ. ಯಂತ್ರದಲ್ಲಿ ಈ ಅನಿಲವು ಖರ್ಚಾಗುವ ವಸ್ತುವಲ್ಲ. ಪ್ರತಿವರ್ಷ 'ಗ್ಯಾಸ್ ತುಂಬಿಸಬೇಕು' ಎಂದು ಯಾರಾದರೂ ಹೇಳಿದರೆ, ಎಲ್ಲಿಯೋ ಸೋರುತ್ತಿದೆ ಎಂದೇ ಅರ್ಥ. ಮೊದಲು ಸೋರಿಕೆಯನ್ನು ಮುಚ್ಚಿಸಬೇಕು.

ತೀರ್ಮಾನ

ಮೇಲಿನ ವಿಚಾರಗಳಿಂದ ಕೆಲವು ಸಾಮಾನ್ಯ ತೀರ್ಮಾನಗಳು ಹೊರಡುತ್ತವೆ. ಮಾಳಿಗೆ ಮನೆಗೂ ತೋಟದ ನೆರಳಿನ ಮನೆಗೂ ಯಂತ್ರದ ಅವಶ್ಯಕತೆ ಬಹಳ ಕಡಿಮೆ. ತಾರಸಿ ಮನೆಯವರು ಮೊದಲು ಸುಣ್ಣ, ನೆರಳು, ಫ್ಯಾನುಗಳನ್ನು ಒಂದು ಬೇಸಗೆ ಪರೀಕ್ಷಿಸಿ ನೋಡಲಿ. ಅಷ್ಟರಿಂದ ಸಾಲದಿದ್ದರೆ, ನೀರಿರುವ ಮನೆಗೆ ಕೂಲರ್. ನೀರಿಲ್ಲದೆಡೆ ಅಥವಾ ರೋಗಿಗಳೂ ವೃದ್ಧರೂ ಶಿಶುಗಳೂ ಇರುವೆಡೆ, ಚೆನ್ನಾಗಿ ಮುಚ್ಚಿಕೊಳ್ಳುವ ಒಂದೇ ಒಂದು ಕೋಣೆಗೆ ಲೆಕ್ಕದಿಂದ ಆರಿಸಿದ ಸ್ಪ್ಲಿಟ್ ಯಂತ್ರ. ನಾಳವಿಲ್ಲದ ಪದ್ಧತಿಯ ದೊಡ್ಡ ಗುಣವೇ ಇದು: ಬೇಕಾದ ಕೋಣೆಗೆ ಮಾತ್ರ, ಬೇಕಾದ ಹೊತ್ತಿನಲ್ಲಿ ಮಾತ್ರ. ಬಾಡಿಗೆ ಮನೆಯವರು ಗೋಡೆ ಕೊರೆಯುವ ಮುನ್ನ ಮಾಲೀಕರನ್ನು ಕೇಳುವುದನ್ನೂ, ಯಂತ್ರವನ್ನು ಕಳಚಿ ಸಾಗಿಸುವ ವೆಚ್ಚವನ್ನೂ ಮರೆಯದಿರಲಿ.

ಮಾಡಿ ನೋಡಿ

ಬೇಸಗೆಯ ಒಂದು ವಾರ ಈ ಪ್ರಯೋಗವನ್ನು ನಡೆಸಿರಿ. ಒಂದೇ ಬಗೆಯ ಎರಡು ಉಷ್ಣತಾಮಾಪಕಗಳನ್ನು ತೆಗೆದುಕೊಂಡು ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಎರಡನ್ನೂ ನೆರಳಿನಲ್ಲಿ ತೂಗುಹಾಕಿರಿ. ಒದ್ದೆ ಮಾಪಕಕ್ಕೆ ಎರಡು ನಿಮಿಷ ರಟ್ಟಿನಿಂದ ಗಾಳಿ ಬೀಸಿ, ಎರಡರ ಅಂಕಿಗಳನ್ನೂ ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 9 ಗಂಟೆಗಳಿಗೆ ಬರೆದಿಡಿರಿ. ಮಲಗುವ ಕೋಣೆಯ ಉಷ್ಣತೆಯನ್ನೂ ಅದೇ ಹೊತ್ತುಗಳಲ್ಲಿ ಗುರುತಿಸಿರಿ. ಮಧ್ಯಾಹ್ನ ಒಣ ಮತ್ತು ಒದ್ದೆ ಮಾಪಕಗಳ ಅಂತರ ಹತ್ತು ಡಿಗ್ರಿಗಿಂತ ಹೆಚ್ಚಾಗಿದ್ದರೆ ನಿಮ್ಮ ಊರಿಗೆ ಕೂಲರ್ ಫಲಿಸುವುದು. ರಾತ್ರಿ 9ಕ್ಕೆ ಕೋಣೆಯು ಹೊರಗಿಗಿಂತ ಬಹಳ ಬಿಸಿಯಾಗಿದ್ದರೆ ದೋಷ ಸೂರಿನದು. ಮೊದಲು ಅದಕ್ಕೆ ಸುಣ್ಣ ಬಳಿಯಿರಿ. ಬಳಿದ ಮೇಲೆ ಮತ್ತೊಂದು ವಾರ ಅಳೆದು ಹೋಲಿಸಿರಿ. ಯಂತ್ರ ಬೇಕೇ ಬೇಡವೇ ಎಂಬುದನ್ನು ಆ ಎರಡು ಪಟ್ಟಿಗಳೇ ನಿಮಗೆ ಹೇಳುವುವು.